ಜೇನಕ್ಕನ ಪಿಕಪ್‌ಗೆ ಒಂಬತ್ತು ಹಲ್ಲು

ಫೆಬ್ರವರಿ 4

ಬಲಗಣ್ಣಿಗೆ ಹನಿ ಹಾಕಿಕೊಂಡಾಯಿತು. ಗ್ಯಾರೇಜಿನ ಶೆಟರ್ ಎತ್ತಿದ್ದು ಮಗಳು. ಕಣ್ಣಿನ ಆಪರೇಷನ್ ಆಗಿದೆ, ಭಾರ ಎತ್ತಬೇಡಿ, ಬಗ್ಗಬೇಡಿ — ಡಾಕ್ಟರ್ ಆಜ್ಞೆ. ಬಗ್ಗದ ಮೆಕ್ಯಾನಿಕ್ ಏನು ಮಾಡುತ್ತಾನೆ? ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಾನೆ.

ಜೇನಕ್ಕ ಬಂದರು. ಜೇನು ಸಾಕುವವರು, ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಅವರ ನೀಲಿ ಪಿಕಪ್ ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕದು, ಅಷ್ಟೆ.

“ಬೆಟ್ಟದ ಮೇಲೆ ಹೂ ಬಿಡೋ ಹೊತ್ತಾಯ್ತು. ಹೋದ ವರ್ಷ ಪೆಟ್ಟಿಗೆ ಹೇರ್ಕೊಂಡು ಹೊರಟ್ರೆ ಅರ್ಧ ಏರಿಗೇ ನಿಂತ್ಬಿಡ್ತು. ಬಿಸಿಲಿಗೆ ಅಷ್ಟೂ ಹುಳ ಸತ್ತೋದ್ವು.”

ಎಂಜಿನ್‌ಗೆ ಏನೂ ಆಗಿಲ್ಲ. ಯಾರೋ ಹಿಂದೆ ಓಟದ ಆಸೆಗೆ ಹಿಂದಿನ ಆಕ್ಸಲ್‌ನ ಗೇರ್ ಬದಲಿಸಿದ್ದಾರೆ. ಕ್ರೌನ್-ಪಿನಿಯನ್, ಅಂದರೆ ದೊಡ್ಡ-ಚಿಕ್ಕ ಹಲ್ಲುಚಕ್ರಗಳ ಜೋಡಿಯನ್ನೇ ಬದಲಿಸಬೇಕು. ಪಿನಿಯನ್‌ಗೆ ಹನ್ನೊಂದು ಹಲ್ಲಿರುವ ಕಡೆ ಒಂಬತ್ತು ಬರಬೇಕು. ಓಟ ಕಡಿಮೆ, ಎಳೆತ ಜಾಸ್ತಿ.

“ಆದ್ರೆ ನಿಮ್ ಕಣ್ಣು...”

“ನಾನ್ ಮಾಡ್ತೀನಿ ಅಕ್ಕ,” ಎಂದಳು ಮಗಳು. ನನ್ನನ್ನು ಕೇಳಲೇ ಇಲ್ಲ.

ಫೆಬ್ರವರಿ 9

ಜೋಡಿ ಸಿಕ್ಕಿತು. ಹೊಚ್ಚ ಹೊಸದು, ಎಣ್ಣೆ ಕಾಗದದಲ್ಲಿ ಸುತ್ತಿದ್ದು. ಮಗಳು ಆಕ್ಸಲ್ ಎಳೆದಳು, ಗೇರಿನ ಹೌಸಿಂಗ್ ಬಿಚ್ಚಿದಳು. ಸುಟ್ಟ ಎಣ್ಣೆಯ ನಾತ ಶೆಡ್ ತುಂಬ. ನಾನು ಸ್ಟೂಲಿನಿಂದಲೇ — ಆ ಬೋಲ್ಟು ಮೊದಲು, ಈ ಕ್ಯಾಪು ಅದಲುಬದಲಾದೀತು...

“ಅಪ್ಪ, ಡಾಕ್ಟರು ಬಾಯಿಗೇನೂ ಹೇಳ್ಲಿಲ್ವಾ?”

ಫೆಬ್ರವರಿ 11, ಸಂಜೆ

ಜಗಳ. ಹೊಸ ಹಲ್ಲುಗಳಿಗೆ ಹಳದಿ ಬಣ್ಣ ಬಳಿದು ತಿರುಗಿಸಿದಳು. ಬಣ್ಣ ಅಳಿಸಿದ ಕಡೆ ಹಲ್ಲಿಗೆ ಹಲ್ಲು ತಾಗುತ್ತಿದೆ ಎಂದರ್ಥ. ನಾನು ಕೈಯಲ್ಲಿ ಅಲ್ಲಾಡಿಸಿ ನೋಡಿದೆ. ಸರಿಯಾಗಿಯೇ ಇತ್ತು.

“ಸಾಕು, ಮುಚ್ಚು.”

“ಗುರುತು ಹಲ್ಲಿನ ಬುಡಕ್ಕೆ ಬಿದ್ದಿದೆ. ಪಿನಿಯನ್ ತೀರಾ ಒಳಗೋಗಿದೆ. ಹಿಂದಿನ ಶಿಮ್ ಬಿಲ್ಲೆ ತೆಳು ಮಾಡ್ಬೇಕು. ಹೀಗೇ ಮುಚ್ಚಿದ್ರೆ ಗೇರ್ ಊಳಿಡತ್ತೆ.”

“ಕೂದಲೆಳೆಯಷ್ಟಕ್ಕೆ ಬೇರಿಂಗ್ ಮತ್ತೆ ಕೀಳ್ತೀಯಾ? ಜೇನಕ್ಕ ಕಾಯ್ತಿದಾರೆ!”

“ನಿನ್ ಕಣ್ಣಿಗೆ ಕಂಡಿದ್ರೆ ನೀನೂ ಬಿಡ್ತಿರ್ಲಿಲ್ಲ.”

ಎದ್ದು ಮನೆಗೆ ಬಂದೆ. ಹೆಂಡತಿ ಮಗಳ ತಟ್ಟೆಯನ್ನು ಮುಚ್ಚಿಟ್ಟಳು.

ಫೆಬ್ರವರಿ 12

ರಾತ್ರಿಯೇ ಮಗಳು ಶಿಮ್ ಬದಲಿಸಿ ಮತ್ತೆ ಜೋಡಿಸಿದ್ದಾಳೆ. ಎಡಗಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದೆ. ಗುರುತು ಹಲ್ಲಿನ ನಟ್ಟನಡುವೆ, ಹೆಬ್ಬೆಟ್ಟು ಒತ್ತಿದ ಹಾಗೆ. ನನ್ನ ಕೈಯಲ್ಲಿ ಇಷ್ಟು ಚೊಕ್ಕವಾಗಿ ಬಂದದ್ದು ಅಪರೂಪ.

“ಎಣ್ಣೆ ಹಾಕು,” ಎಂದೆ.

ಅಷ್ಟಕ್ಕೇ ನಕ್ಕಳು.

ಫೆಬ್ರವರಿ 17

ದಿನವೂ ಖಾಲಿ ಗಾಡಿ ಓಡಿಸಿ, ತಣಿಸಿ, ಗೇರ್ ಪಳಗಿಸುತ್ತಿದ್ದಾಳೆ. ಸ್ಪೀಡೋಮೀಟರ್ ಈಗ ಜಂಬದ ಕೋಳಿ — ನಲವತ್ತೊಂಬತ್ತಕ್ಕೆ ಅರವತ್ತು ತೋರಿಸುತ್ತದೆ. ಅದರ ಪುಟಾಣಿ ಗೇರನ್ನೂ ಬದಲಿಸಬೇಕು. ನನಗಿಂತ ಮೊದಲು ಅವಳೇ ಹೇಳಿದಳು.

ಫೆಬ್ರವರಿ 20, ಬೆಟ್ಟದ ಮೇಲೆ

ಬೆಳಕು ಹರಿಯುವ ಮೊದಲೇ ಅವರಿಬ್ಬರೂ ಪೆಟ್ಟಿಗೆ ಹೇರಿದರು. ಜೇನಕ್ಕ ಸ್ಟಿಯರಿಂಗ್‌ನಲ್ಲಿ, ನಡುವೆ ನಾನು, ಕಿಟಕಿಯ ಪಕ್ಕ ಮಗಳು. ಹೋದ ವರ್ಷ ನಿಂತ ತಿರುವು ಬಂತು. ಜೇನಕ್ಕ ಗೇರ್ ಇಳಿಸಿದರು. ಅಷ್ಟರಲ್ಲಿ ಹಿಂದಿನಿಂದ ಗುಂಯ್ ಎಂದಿತು. ಗೇರ್ ಊಳಿಡುತ್ತಿದೆ! ಮಗಳು ತಲೆ ಹೊರಗೆ ಹಾಕಿ ಕೇಳಿಸಿಕೊಂಡಳು.

“ಹುಳ, ಅಪ್ಪ.”

ಜೇನಕ್ಕನಿಗೆ ನಗು, ಜೊತೆಗೇ ಕಣ್ಣಲ್ಲಿ ನೀರು. ಪಿಕಪ್ ಒಂದೇ ಉಸಿರಿಗೆ ಹತ್ತಿತು.

ಮೇಲೆ ಎಂಜಿನ್ ತಣಿಸುತ್ತ ನಿಂತಿದ್ದ ಲಾರಿ ಡ್ರೈವರ್ ಗಾಡಿಯ ಸುತ್ತ ಒಂದು ಸುತ್ತು ಬಂದ. “ಈ ಮುದಿ ಗಾಡಿ ನಿಲ್ದೆ ಹತ್ತಿ ಬಂತಾ? ಯಾರ ಕೈಕೆಲಸ?”

“ನನ್ ಮಗಳದು,” ಎಂದೆ, ಅವಳಿಗೂ ಕೇಳಲಿ ಎಂದೇ. “ನನ್ ಮಾತು ಕೇಳಿದ್ರೆ ದಾರಿಯುದ್ದಕ್ಕೂ ಕೂಗ್ಕೊಂಡು ಬರ್ತಿತ್ತು.”

ಅವಳು ಆಚೆ ತಿರುಗಿ ಕೈ ಒರೆಸಿಕೊಂಡಳು. ಕೈಗೆ ಮಸಿ ಏನೂ ಅಂಟಿರಲಿಲ್ಲ.

ಪೆಟ್ಟಿಗೆಗಳ ಬಾಯಿ ತೆಗೆದಿದ್ದಾರೆ. ಹುಳಗಳು ಆಗಲೇ ಹೂವಿಗೆ ಹೊರಟಿವೆ. ಮಗಳು ಕರೆಯುತ್ತಿದ್ದಾಳೆ... ನೋಡಿ ಬಂದು ಉಳಿದದ್ದು ಬರೆಯುತ್ತೇನೆ.