ಮಂಡಿಯೆತ್ತರದ ಹಿಡಿಕೆ

ಅಪ್ಪಾ,

ನೀನು ಹೋದ ಮೇಲೆ ನಿನ್ನ ದೋಣಿಗೆ ಕೈಹಾಕಿದ್ದು ಇವತ್ತೇ ಮೊದಲು. ನಾನು ನಾಲ್ಕು ವರ್ಷದವಳಿದ್ದಾಗ ಹಿಡಿದುಕೊಳ್ಳಲೆಂದು ಒಳಬದಿಗೆ ಅಂಟಿಸಿದ್ದೆಯಲ್ಲ, ಆ ಹಿತ್ತಾಳೆಯ ಹಿಡಿಕೆಯನ್ನು ಕಿತ್ತೆ. ಅದರ ಹಿಂದಿನ ಹಲಗೆ ಕೊಳೆತಿತ್ತು, ಬದಲಿಸಬೇಕಿತ್ತು. ಬಿಸಿಗಾಳಿ ಊದಿ, ಸಂದಿಗೆ ಗಾಳದ ದಾರ ತೂರಿಸಿ, ಆ ತುದಿ ಅಣ್ಣ, ಈ ತುದಿ ನಾನು ಗರಗಸದಂತೆ ಎಳೆದೆವು. ಮಧ್ಯಾಹ್ನವೇ ಆಯಿತು.

"ಅಪ್ಪ ಅಂಟಿಸಿದ್ದು. ದೋಣಿನೇ ಕಳಚಿಕೊಂಡ್ರೂ ಇದು ಬರಲ್ಲ," ಎಂದು ಅಣ್ಣ ಗೊಣಗಿದ.

ಹದಿನಾರನೇ ವಯಸ್ಸಿನಲ್ಲಿ ನಾನು ರೇಗಿದ್ದು ನೆನಪಾಯಿತು. "ಗೆಳತಿಯರು ನಗ್ತಾರೆ. ಅದನ್ನ ಕಿತ್ತುಹಾಕು, ಇಲ್ಲಾಂದ್ರೆ ದೋಣಿ ಹತ್ತಲ್ಲ."

"ಆ ಅಂಟು ಬಿಡಲ್ಲ ಮಗಳೇ," ಎಂದೆ ನೀನು. ನಾನು ಮತ್ತೆ ಹತ್ತಲಿಲ್ಲ.

ಹಿಡಿಕೆ ಕೊನೆಗೂ ಬಂತು. ಅದರಡಿ ಕಪ್ಪು ಅಂಟು. ಅದರಡಿ ಉಳಿಯಿಂದ ಕೆರೆದ ಹಳೆಯ ಬಿಳಿ ಅಂಟಿನ ಗುರುತು.

"ಒಂದ್ಸಲ ಕಿತ್ತು, ಮತ್ತೆ ಅಂಟಿಸಿದ್ದಾನೆ ಕಣೇ," ಎಂದ ಅಣ್ಣ.

ಕಿತ್ತಿದ್ದೆಯಾ ಅಪ್ಪಾ? ನೋಡಲು ನಾನು ಬರಲೇ ಇಲ್ಲ.

ಹೊಸ ಹಲಗೆಗೆ ಹಿಡಿಕೆಯನ್ನು ಅದೇ ಎತ್ತರಕ್ಕೆ ಅಂಟಿಸಿದ್ದೇನೆ. ಅಂಟು ಕಚ್ಚಿಕೊಳ್ಳುವವರೆಗೆ ಅದನ್ನು ಒತ್ತಿ ಹಿಡಿದು ಮಂಡಿಯೂರಿ ಕೂತಿದ್ದೆ. ನನಗೋಸ್ಕರ ನೀನು ಹೀಗೆ ಎರಡು ಸಲ ಕೂತಿದ್ದೀಯ.