ಕರ್ನಲ್‌ಗೆ ಕೊಟ್ಟ ಕ್ಷಮಾಪಣೆ ಪತ್ರ

ಡಗ್ಲಸ್, ಕಾರ್ಕ್
14 ಅಕ್ಟೋಬರ್ 2025, ಮಂಗಳವಾರ

ನಿಸರ್ಗಾಳ ಅಪ್ಪನವರಿಗೆ,

ನಮಸ್ಕಾರ. ನೀವು ನನ್ನನ್ನು ಬಿಟ್ಟು ಕ್ಲಾಂಡಾಲ್ಕಿನ್‌ಗೆ ಹೋಗಿ ಬೇರೆ ಮನೆ ಮಾಡಿದ ಮೇಲೆ ಇದು ನನ್ನ ಮೊದಲ ಕಾಗದ. ಫೋನಿನಲ್ಲಾದರೆ ಎರಡೇ ನಿಮಿಷಕ್ಕೆ ಇಬ್ಬರೂ ಕಿರುಚಾಡುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ಕುಶಲ ವಿಚಾರಿಸುವ ಮನಸ್ಸಿಲ್ಲ.

ಇಲ್ಲಿ ಐರಿಷ್ ಸೈನ್ಯದ ಕಾನೂನು ಬದಲಾಗುತ್ತಿದೆಯಂತೆ. ದೇಶದ ಉಳಿದವರಿಗೆಲ್ಲ ಇರುವ ಕಾನೂನಿನ ಮಟ್ಟಕ್ಕೆ ಅದನ್ನೂ ತರುತ್ತಾರಂತೆ. ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದ ದೂರು ಇನ್ನು ಕರ್ನಲ್ ಸಾಹೇಬರ ಮೇಜಿನ ಮೇಲೇ ಮುಗಿಯುವುದಿಲ್ಲ, ನೇರ ಹೊರಗಿನ ಪೊಲೀಸರಿಗೆ ಹೋಗುತ್ತದೆ. ಹಳೆಯ ದೂರುಗಳನ್ನೂ ಮತ್ತೆ ವಿಚಾರಿಸುತ್ತಾರೆ. ಆದರೆ ದೂರು ಕೊಟ್ಟವರೇ ಹಿಂದಕ್ಕೆ ಪಡೆದಿದ್ದರೆ ಮುಟ್ಟುವುದಿಲ್ಲ. ನಮ್ಮ ಮಗಳ ಕಡತದ ಮೇಲೆ ಹಿಂದಕ್ಕೆ ಪಡೆದಿದ್ದಾಳೆ ಎಂದೇ ಬರೆದಿದೆ. ಅವಳು ಪಡೆದಿರಲಿಲ್ಲ. ನಾವು ಪಡೆದೆವು.

ಮೂರು ವರ್ಷದ ಹಿಂದೆ ಕನ್ನಡ ಸಂಘದ ಯುಗಾದಿಯಲ್ಲಿ ಅಧ್ಯಕ್ಷೆ ಭಾನುಮತಿಯವರು ಅವಳಿಗೆ ಶಾಲು ಹೊದಿಸಿ, ಐರಿಷ್ ಸೈನ್ಯ ಸೇರಿದ ನಮ್ಮ ಹುಡುಗಿ ಎಂದು ಮೈಕಿನಲ್ಲಿ ಹೊಗಳಿ ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲಿ ಬ್ಯಾರಕ್ಸಿನ ಉಗ್ರಾಣದಲ್ಲಿ ಆ ಸಾರ್ಜೆಂಟ್ ಅವಳನ್ನು ಗೋಡೆಗೆ ಒತ್ತಿ ಹಿಡಿದ. ಅವಳು ಅಂದೇ ದೂರು ಬರೆದುಕೊಟ್ಟಳು. ಇಪ್ಪತ್ತೆರಡು ವರ್ಷದ ಹುಡುಗಿಗೆ ಇದ್ದ ಧೈರ್ಯ ನಮಗಿರಲಿಲ್ಲ. ಸಂಘದವರಿಗೆ ಗೊತ್ತಾದರೆ ಏನು ಗತಿ ಎಂದಷ್ಟೇ ನಾವು ಯೋಚಿಸಿದೆವು.

ಊರಿನಲ್ಲಿ ಮಕ್ಕಳು ಶಾಲೆಯಲ್ಲಿ ರಂಪ ಮಾಡಿಕೊಂಡರೆ ಅಪ್ಪ ಅಮ್ಮ ಹೆಡ್‌ಮಾಸ್ಟರಿಗೆ ಕ್ಷಮಾಪಣೆ ಪತ್ರ ಕೊಟ್ಟು ಕೈಮುಗಿದು ಬರುತ್ತಿದ್ದರಲ್ಲ, ನೀವು ಐರ್ಲೆಂಡಿನ ಕರ್ನಲ್‌ನನ್ನೂ ಹೆಡ್‌ಮಾಸ್ಟರ್ ಮಾಡಿಬಿಟ್ಟಿರಿ. ಮಗಳು ಚಿಕ್ಕವಳು, ಅವಸರಪಟ್ಟಳು, ಅವಳ ಪರವಾಗಿ ದೂರನ್ನು ಹಿಂದಕ್ಕೆ ಪಡೆಯುತ್ತೇವೆ, ದಯವಿಟ್ಟು ಕ್ಷಮಿಸಿ ಎಂದು ಒಂದು ಪತ್ರ! ಜೊತೆಗೆ ಒಂದು ಡಬ್ಬಿ ಮೈಸೂರುಪಾಕು ಬೇರೆ. ಕರ್ನಲ್‌ಗೂ ಬೇಕಾಗಿದ್ದದ್ದು ಅದೇ, ಕಡತ ಮುಚ್ಚಿದ. ಮೈಸೂರುಪಾಕು ಮಾಡಿದ್ದು ನಾನು, ಒಪ್ಪುತ್ತೇನೆ. ನನ್ನ ತಪ್ಪು ಅಷ್ಟೇ. ಡಬ್ಬಿ ಕ್ಯಾಂಟೀನಿಗೆ ಹೋಯಿತಂತೆ. ಆ ಸಾರ್ಜೆಂಟೂ ಎರಡು ತುಂಡು ತಿಂದು, ನಿಮ್ಮಮ್ಮನ ಕೈರುಚಿ ಚೆನ್ನಾಗಿದೆ ಎಂದು ಅವಳಿಗೇ ಹೇಳಿದನಂತೆ.

ಈಗ ಅವನಿಗೆ ಬಡ್ತಿಯಾಗಿದೆ. ಹೊಸದಾಗಿ ಸೇರುವ ಹುಡುಗಿಯರಿಗೆ ತರಬೇತಿ ಕೊಡುತ್ತಾನೆ. ಇದನ್ನು ಹೇಳುವಾಗ ನಿಸರ್ಗಾ ಅಳಲಿಲ್ಲ. ನಾನೇ ಅತ್ತೆ.

ಅವಳ ವಕೀಲೆ ಕೇಳುವುದು ಇಷ್ಟೇ: ಆ ಪತ್ರ ಬರೆದವರು, ಮಗಳಿಗೆ ತಿಳಿಸದೆ ಬರೆದೆ ಎಂದು ಸಹಿ ಹಾಕಿ ಕೊಡಬೇಕು. ಈ ತಿಂಗಳ ಕೊನೆಯೊಳಗೆ ಕೊಡದಿದ್ದರೆ ಕಡತ ಶಾಶ್ವತವಾಗಿ ಮುಚ್ಚಿದಂತೆಯೇ. ಕೊಂಡುಹೋದವರು ನೀವು. ಬರೆದವರೂ ನೀವೇ ಎಂದು ಅವಳಿಗೆ ಆಗಲೇ ಹೇಳಿದ್ದೇನೆ. ಹಾಗೆಯೇ ಬರೆದು ಕಳಿಸಿ, ಬೇರೇನನ್ನೂ ಸೇರಿಸಬೇಡಿ. ಹೇಗಿದ್ದರೂ ಅವಳು ನಿಮ್ಮ ಹತ್ತಿರ ಮಾತು ಬಿಟ್ಟಿದ್ದಾಳೆ, ಕಳೆದುಕೊಳ್ಳುವುದಕ್ಕೆ ನಿಮಗೆ ಇನ್ನೇನೂ ಉಳಿದಿಲ್ಲ. ನನ್ನ ಮನೆಗಾದರೆ ಭಾನುವಾರ ಊಟಕ್ಕೆ ಬರುತ್ತಾಳೆ. ಅದೊಂದನ್ನು ಕಿತ್ತುಕೊಳ್ಳಬೇಡಿ.

ಇಂತಿ,
ಜಯಶೀಲಾ

ವಿ.ಸೂ.: ಬುಧವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲೇ ನಿಸರ್ಗಾ ಫೋನ್ ಮಾಡಿದಳು. ಆ ಪತ್ರದ ನಕಲು ಅವಳ ಕೈಗೆ ಬಂದಿದೆಯಂತೆ. ನೀವು ಬೇಡ ಬೇಡ ಎಂದರೂ ಕೂತು ಬರೆದವಳು ನಾನು. ನನ್ನ ಕೈಬರಹ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ನಾನು ಏನೋ ಹೇಳಹೋದೆ. ಇಟ್ಸ್ ಗ್ರ್ಯಾಂಡ್ ಅಮ್ಮಾ, ಎಂದಳು, ಪರವಾಗಿಲ್ಲ ಬಿಡು ಎಂದು ಇಲ್ಲಿಯವರು ಹೇಳುವ ಹಾಗೆ. ಹೇಳಿಕೆಯನ್ನು ಬರೆದು ವಕೀಲೆಗೆ ಅಂಚೆಯಲ್ಲಿ ಕಳಿಸಬೇಕಂತೆ, ನಾನು ಬರುವುದು ಬೇಡವಂತೆ. ಇವತ್ತೇ ಕಳಿಸುತ್ತೇನೆ. ನೀವು ಏನೂ ಬರೆಯಬೇಕಾಗಿಲ್ಲ. ಮೂರು ವರ್ಷ ಅವಳ ಸಿಟ್ಟು ಹೊತ್ತುಕೊಂಡರೂ ನೀವು ನನ್ನ ಹೆಸರು ಹೇಳಲಿಲ್ಲ, ಯಾಕೆ ಎಂದು ಕೇಳುವ ಮುಖ ನನಗಿಲ್ಲ. ಈ ಭಾನುವಾರ ಅವಳು ನಿಮ್ಮಲ್ಲಿಗೆ ಬರುತ್ತಾಳಂತೆ. ಬಿಸಿಯಾಗಿ ಏನಾದರೂ ಮಾಡಿ ಹಾಕಿ.