ವಾಲದೆ ಬಿದ್ದ ಗಾಡಿ

ರಾಯದುರ್ಗ
೩೦-೧೧-೨೦೨೫, ಭಾನುವಾರ

ಪ್ರೀತಿಯ ತಮ್ಮ ವಾಗೀಶನಿಗೆ,

ನಿನ್ನ ಅಕ್ಕ ಭುವನಾಳ ಆಶೀರ್ವಾದ, ಜೊತೆಗೆ ಒಂದಿಷ್ಟು ಬೈಗುಳ. ಬೈಗುಳ ಆಮೇಲೆ ಬರುತ್ತದೆ. ಮೊದಲು ಹೇಳು, ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಮಡಕಶಿರಾ ಕಡೆ ದಿನಾ ರಾಗಿ ಮುದ್ದೆಯಂತೆ. ರೊಟ್ಟಿ ಇಲ್ಲದಿದ್ದರೆ ತಟ್ಟೆ ದೂಡಿ ಏಳುತ್ತಿದ್ದ ನೀನು ಅದನ್ನು ಹೇಗೆ ನುಂಗುತ್ತೀಯೋ ಎಂಬುದೇ ಅಮ್ಮನ ದೊಡ್ಡ ಚಿಂತೆ. ಚಳಿ ಶುರುವಾಗಿದೆ, ಗ್ಯಾರೇಜಿನ ಬರಿ ನೆಲದ ಮೇಲೆ ಮಲಗಬೇಡ. ನಿನ್ನ ಹಿಮ್ಮಡಿ ಒಡೆಯುವ ಕಾಲ ಇದು, ಎಣ್ಣೆ ಹಚ್ಚಿಕೋ. ಇಂಜಿನ್ ಎಣ್ಣೆ ಅಲ್ಲ, ಕೊಬ್ಬರಿ ಎಣ್ಣೆ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಕಾಗದ ಬರೆಯುವಾಗ ಎಲ್ಲರೂ ಬರೆಯುವ ಚೆನ್ನಾಗಿದ್ದೇವೆ ಅಲ್ಲ, ನಿಜವಾಗಿಯೂ ಚೆನ್ನಾಗಿದ್ದೇವೆ. ನನ್ನ ಕೈಯ ಪಟ್ಟಿ ಬಿಚ್ಚಿ ವಾರವಾಯಿತು. ಮೂಳೆ ನೆಟ್ಟಗೆ ಕೂಡಿದೆ, ಮೆಲ್ಲಗೆ ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ.

ಫೋನು ಇರುವಾಗ ಈ ಕಾಗದ ಯಾಕೆ ಎಂದು ನೀನು ಕೇಳುವುದಿಲ್ಲ, ನಿನಗೇ ಗೊತ್ತು. ನಾನು ಗಾಡಿ ಎಂಬ ಮಾತು ಎತ್ತಿದ ಕೂಡಲೇ "ಆಮ್ಯಾಲೆ ಮಾಡ್ತೀನಕ್ಕಾ" ಎಂದು ಕಟ್ ಮಾಡುತ್ತೀಯ. ನಿನ್ನ ಆಮೇಲೆ ಇನ್ನೂ ಬಂದಿಲ್ಲ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ, ಹರಿಯಬಹುದು ಅಷ್ಟೇ. ಹರಿಯುವ ಮೊದಲು ಓದುತ್ತೀಯ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಮೊನ್ನೆ ನಿನ್ನ ಗ್ಯಾರೇಜಿನ ಯಜಮಾನರು, ಪಾಲಯ್ಯನವರೇ ಫೋನು ಮಾಡಿದ್ದರು. "ನಿಮ್ ತಮ್ಮ ಪಂಕ್ಚರ್ ಹಾಕೋದು ಬಿಟ್ರೆ ಇನ್ಯಾವ ಕೆಲ್ಸಕ್ಕೂ ಕೈ ಹಾಕಲ್ಲ ಕಣಮ್ಮ. ಗುಡಿಬಂಡೆ ಆಟೋದವ್ರು ಶಾಕಬ್ಸರ್ ಕೆಲ್ಸ ತಂದ್ರೆ ಎದ್ದು ಆಚೆಗೋಗ್ತಾನೆ. ಸ್ಪ್ಯಾನರ್ ಕಂಡ್ರೆ ಹಾವು ಕಂಡಂಗೆ ಆಡ್ತಾನೆ. ನಾನೇ ಕೆಲ್ಸ ಕಲಿಸಿದ ಹುಡುಗ, ನೋಡಕ್ಕಾಗಲ್ಲ" ಎಂದರು. ಕೇಳಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಫೋನಿನಲ್ಲಿ ಎರಡನ್ನೂ ತೋರಿಸಲಿಲ್ಲ.

ಈಗ ಗಮನವಿಟ್ಟು ಓದು. ಗಾಡಿಯ ತಪ್ಪಲ್ಲ, ವಾಗೀಶ. ನಿನ್ನ ತಪ್ಪೂ ಅಲ್ಲ. ನಿನ್ನ ಕೈ ಸರಿಯಾಗಿತ್ತು, ಲೆಕ್ಕವೂ ಸರಿಯಾಗಿತ್ತು. ಇದನ್ನು ಬರೆಯಲು ಎರಡು ದಿನದಿಂದ ನನ್ನ ಬೆರಳುಗಳು ಚಡಪಡಿಸುತ್ತಿದ್ದವು.

ನಿನಗೆ ಗೊತ್ತಿರುವುದನ್ನೇ ಮೊದಲಿಂದ ಹೇಳುತ್ತೇನೆ, ಯಾಕೆಂದರೆ ನೀನು ಅದನ್ನೆಲ್ಲ ಮರೆತಂತೆ ಕಾಣುತ್ತದೆ. ನನ್ನ ಹಳೆಯ ಸ್ಕೂಟರ್ ಹೇಗಿತ್ತು? ಕಾಲು ಸೋತವರಿಗೆಂದು ಅಂಗಡಿಯವರು ಹಿಂದೆ ಎರಡು ಪಕ್ಕದ ಚಕ್ರ ಜೋಡಿಸಿ ಕೊಟ್ಟಿದ್ದು. ಆ ಚಕ್ರಗಳು ಗೂಟ ಹೊಡೆದ ಹಾಗೆ ಗಟ್ಟಿ. ರಸ್ತೆಯಲ್ಲಿ ಒಂದು ಚಿಕ್ಕ ತಗ್ಗು ಬಂದರೆ ಪಕ್ಕದ ಎರಡು ಚಕ್ರ ಅಂಚಿನ ಮೇಲೆ ಕೂತು, ನಡುವಿನ ಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತಿತ್ತು. ಜೀನ್ಸ್ ಪ್ಯಾಂಟಿನ ಕಟ್ಟು ಹಿಂದೆ ಇಟ್ಟುಕೊಂಡು, ನಡುಬೀದಿಯಲ್ಲಿ ಆಕ್ಸಿಲೇಟರ್ ತಿರುವುತ್ತಾ ನಾನು, ದಬ್ಬಲು ಯಾರೋ ದಾರಿಹೋಕರು. ಎಷ್ಟು ಸಲ ನಾಚಿಕೆಯಿಂದ ಸತ್ತಿದ್ದೇನೋ. ತಿರುವಿನಲ್ಲಂತೂ ಎಲ್ಲರ ಗಾಡಿ ಒಳಕ್ಕೆ ವಾಲಿದರೆ ನನ್ನದು ನನ್ನನ್ನು ಹೊರಕ್ಕೆ ಎಸೆಯಲು ನೋಡುತ್ತಿತ್ತು. ಹೊಲಿಯಲು ಕೊಡುವ ಕಟ್ಟು ತರಲು ದಿನಾ ಅದೇ ಗಾಡಿ, ಅದೇ ಜೀವಭಯ. ಆಗ ನೀನು ಒಂದು ಮಾತು ಅಂದಿದ್ದೆ, ನೆನಪಿದೆಯಾ? "ಅಕ್ಕಾ, ಗಾಡಿ ನಿಂದ್ರಾಗ ಬಿಗಿ ಇರಬೇಕು, ಓಡಾಗ ಸಡ್ಲ ಇರಬೇಕು. ಇದು ಎರಡೂ ಹೊತ್ತು ಬಿಗಿ ಐತಿ."

ಆಮೇಲೆ ಹಿತ್ತಲಲ್ಲಿ ನಿನ್ನ ತಪಸ್ಸು. ಕುಲುಕು ತಡೆಯಲು ಹಳೆ ಮೊಪೆಡ್ಡಿನ ಶಾಕಬ್ಸರ್ ಎರಡು, ತಿರುಗುವ ಕೀಲುಗಳಿಗೆ ಹಾಕಲು ಎಲ್ಲಿಂದಲೋ ತಂದ ಬುಷ್ಷುಗಳು, ನಡುವೆ ತಕ್ಕಡಿ ಕೋಲಿನಂತೆ ಒಂದು ಅಡ್ಡಪಟ್ಟಿ. ಒಂದು ಚಕ್ರ ಇಳಿದರೆ ಇನ್ನೊಂದು ಏಳಬೇಕು, ನಡುವಿನ ಗಾಡಿ ಬೈಕಿನ ಹಾಗೆ ವಾಲಬೇಕು. ನಿಂತಾಗ ಮಾತ್ರ ಬೀಳದ ಹಾಗೆ ಎಡಗಡೆ ಒಂದು ಲಿವರು, ಎಳೆದರೆ ಬೀಗ. ಮೊದಲ ಸಲ ನೀನು ಬೀಗ ಬಿಚ್ಚಿ ಒಂದು ಬೆರಳಿನಿಂದ ಸೀಟು ತಳ್ಳಿದಾಗ ಇಡೀ ಗಾಡಿ ತೊಟ್ಟಿಲಿನ ಹಾಗೆ ಅಲ್ಲಾಡಿತು. ನಾನು ಚಪ್ಪಾಳೆ ತಟ್ಟಿದೆ. ಅಪ್ಪ ಅಂಗಡಿಗೆ ಹೊರಟವನು ಬಾಗಿಲಲ್ಲೇ ನಿಂತು ನೋಡಿ ಹೋದ. ಸಂದಿಯಲ್ಲಿ ಒಂದು ವಾರ ನೀನು ಹಿಂದೆ ಓಡಿ ಓಡಿ ನನಗೆ ವಾಲುವುದನ್ನು ಕಲಿಸಿದೆ. ಮೈ ವಾಲಿಸಿದರೆ ಗಾಡಿಯೂ ವಾಲುತ್ತಿತ್ತು. ಎಡಗಾಲು ಸೋತ ಮೇಲೆ, ನನ್ನ ಮೈ ಹೇಳಿದ ಮಾತನ್ನು ಕೇಳಿದ್ದು ಅದೊಂದೇ ವಸ್ತು.

ಆಯುಧ ಪೂಜೆಯ ದಿನದ್ದು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ನೀನು ಬೂದುಗುಂಬಳ ತರಲು ಪೇಟೆಗೆ ಹೋಗಿದ್ದೆ. ನಾನೂ ಅಮ್ಮನೂ ಅಡುಗೆಮನೆಯಲ್ಲಿದ್ದೆವು. ಗಾಡಿಗೆ ಅಲಂಕಾರ ಮಾಡಿದ್ದು ಅಪ್ಪ. ಚೆಂಡು ಹೂವಿನ ಹಾರ, ಮಾವಿನ ಸೊಪ್ಪು, ಎರಡೂ ಪಕ್ಕಕ್ಕೆ ಆಳೆತ್ತರದ ಬಾಳೆ ಕಂದು. ನೀನು ಬಂದಾಗ ಗಾಡಿಯೇ ಕಾಣುತ್ತಿರಲಿಲ್ಲ, ಬರೀ ಹಸಿರು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಎಲ್ಲರೂ ನೋಡುತ್ತಿರುವಾಗ ಬೀಗ ಬಿಚ್ಚಿ ನಾನು ಹೊರಟೆ. ಕೋಟೆ ಕಡೆಯ ಇಳಿಜಾರಿನ ತಿರುವಿನಲ್ಲಿ ನೀನು ಕಲಿಸಿದ ಹಾಗೆಯೇ ಮೈ ವಾಲಿಸಿದೆ. ಗಾಡಿ ವಾಲಲಿಲ್ಲ. ಒಳಗಿನ ಚಕ್ರ ಎದ್ದಿತು, ಹ್ಯಾಂಡಲ್ ಮಾತು ಕೇಳಲಿಲ್ಲ, ಹೊರಗಡೆಗೆ ಹೊರಳಿ ಚರಂಡಿಗೆ ಬಿದ್ದೆ, ಎಡಗೈ ಮುರಿಯಿತು. ಆಸ್ಪತ್ರೆಯಲ್ಲಿ ನಿನಗೆ "ಗಾಡಿ ಬಿಗಿದಂಗಾತು ಕಣೋ" ಅಂದವಳು ನಾನೇ. ಬುಷ್ ಹಿಡಿದುಕೊಂಡಿದೆ, ನನ್ನದೇ ತಪ್ಪು ಎಂದು ನೀನು ಅಲ್ಲೇ ತೀರ್ಮಾನಿಸಿಬಿಟ್ಟೆ. ಅದರ ಮೇಲೆ ಅಪ್ಪ, ಬೀದಿಯವರೆಲ್ಲ ನೆರೆದಿರುವಾಗ, "ಅಲ್ಲಾಡೋ ಗಾಡಿ ಮ್ಯಾಲೆ ಕುಂದ್ರಿಸಿದ್ರ ಬೀಳದ ಏನಾಗ್ತೈತಿ? ಕಾಲು ದೇವ್ರು ತಗಂಡ, ಕೈ ನೀ ತಗಂಡಿ" ಅಂದ. ಆ ಮಾತು ನನ್ನ ಎದೆಗೂ ಚುಚ್ಚಿತು. ಗಾಡಿಯನ್ನು ಹಿತ್ತಲಿಗೆ ತಳ್ಳಿಸಿ, ತಾಡಪಾಲು ಹೊದಿಸಿ, ಅದರ ಹತ್ತಿರ ಹೋಗಕೂಡದೆಂದು ನಿನಗೆ ಹೇಳಿದ. ಬೆಳಿಗ್ಗೆ ಎದ್ದು ನೋಡಿದರೆ ನಿನ್ನ ಚಪ್ಪಲಿ ಇರಲಿಲ್ಲ, ನಿನಗೆ ಕೆಲಸ ಕಲಿಸಿದ ಪಾಲಯ್ಯನವರ ಹತ್ತಿರ ಹೊರಟುಹೋಗಿದ್ದೆ. ಬಾಳೆ ಕಂದುಗಳನ್ನು ಚರಂಡಿ ಪಕ್ಕದಲ್ಲೇ ಯಾರದೋ ಹಸು ತಿಂದು ಮುಗಿಸಿತ್ತು.

ಶುಕ್ರವಾರ ಅಪ್ಪ ಗುಜರಿಯವನನ್ನು ಕರೆಸಿದ. ಗಾಡಿ ಹೋಗುವ ಮೊದಲು ಒಂದು ಸಲ ನೋಡೋಣವೆಂದು ನಾನು ಕೋಲು ಊರಿಕೊಂಡು ಹಿತ್ತಲಿಗೆ ಹೋದೆ. ತಾಡಪಾಲು ತೆಗೆಸಿದೆ. ಬೀಗ ಬಿಚ್ಚಿ, ಹಳೆಯ ಅಭ್ಯಾಸದಂತೆ ಬೆರಳಿನಿಂದ ಸೀಟು ತಳ್ಳಿದೆ. ಕದಲಲಿಲ್ಲ. ಅಂಗೈಯಿಂದ ತಳ್ಳಿದೆ, ಭುಜ ಕೊಟ್ಟು ತಳ್ಳಿದೆ, ಬಂಡೆ! ನೀನು ಹೇಳಿದ ಬುಷ್ಷೇ ಇರಬೇಕು ಎಂದುಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಗ್ಗಿ ನೋಡಿದೆ. ಕ್ಯಾರಿಯರಿನ ಕಂಬಿಗೂ ಚಕ್ರದ ತೋಳಿಗೂ ಸೇರಿಸಿ ಬೈಂಡಿಂಗ್ ವೈರು, ಸುತ್ತಿನ ಮೇಲೆ ಸುತ್ತು. ಆ ಕಡೆಯೂ ಹಾಗೆಯೇ. ತಂತಿಯ ನಡುವೆ ಒಣಗಿ ಕರ್ರಗಾದ ಬಾಳೆ ನಾರು. ಕೊನೆಯನ್ನು ಒಳಕ್ಕೆ ಮಡಚಿ ಒತ್ತಿದ್ದರು, ನನ್ನ ಸೀರೆಗೆ ತಾಕಿ ಹರಿಯದಿರಲಿ ಎಂದು. ಹಾಗೆ ಮಡಚುವವರು ನಮ್ಮ ಮನೆಯಲ್ಲಿ, ನಮ್ಮ ಊರಿನಲ್ಲೂ, ಒಬ್ಬರೇ. ಜೀವನವೆಲ್ಲ ಕಬ್ಬಿಣದ ಅಂಗಡಿಯಲ್ಲಿ ಕೂತು ಅದೇ ತಂತಿ ಮಾರಿದ ಗಾದಿಲಿಂಗಪ್ಪನವರು, ಅಂದರೆ ನಮ್ಮಪ್ಪ. ಗುಜರಿಯವನು "ಎತ್ಕೊಳ್ಳನಾ ಅಮ್ಮಾ" ಅಂದ. "ಮುಟ್ಟಿ ನೋಡು" ಅಂದೆ. ಪಾಪ, ಅವನೇನು ಮಾಡಿಯಾನು, ತಳ್ಳುಗಾಡಿ ತಿರುಗಿಸಿಕೊಂಡು ಹೋದ.

ಅಪ್ಪನಿಗೆ, ಕಟಿಂಗ್ ಪ್ಲೇಯರ್ ತಗೊಂಡು ಬಾ ಎಂದು ಕೂಗಿದೆ ಅಷ್ಟೇ. ಬಂದ, ಬಗ್ಗಿದ, ತನ್ನ ಕೈಯ ಮಡಿಕೆ ತಾನೇ ನೋಡಿದ. ಹಾಗೆಯೇ ನೆಲದ ಮೇಲೆ ಕೂತುಬಿಟ್ಟ. "ಬಾಳಿ ಕಂದು ಅಲ್ಲಾಡಬಾರದು ಅಂತ ಕಟ್ಟಿದ್ನಿ ಭುವನಾ." ತಂತಿಯ ಮಡಿಕೆಯನ್ನು ಹೆಬ್ಬೆರಳಿನಿಂದ ಸವರುತ್ತಾ, "ಸುಳ್ಳ್ಯಾಕ ಹೇಳ್ಲಿ. ನೀ ಕುಂತಾಗ ಗಾಡಿ ಅತ್ತಾಗ ಇತ್ತಾಗ ಆಡೋದು ನೋಡಿ ನನ್ನ ಜೀವ ಹಾರ್ತಿತ್ತು. ಒಂದೀಟು ಬಿಗಿ ಆಗ್ಲಿ ಅಂತ ಇನ್ನಾ ನಾಕು ಸುತ್ತು ಸುತ್ತಿದ್ನಿ" ಅಂದ. ನನಗೆ ಬೈಯಬೇಕು ಅನ್ನಿಸಿತು, ಬೈಯಲು ಬಾಯಿಯನ್ನೂ ತೆರೆದೆ. ಆದರೆ ಆ ಮುಖ ನೋಡಿ ಆಗಲಿಲ್ಲ ಕಣೋ. ತಂತಿಗೆ ಪ್ಲೇಯರನ್ನು ಎರಡು ಸಲ ಹಚ್ಚಿ ಎರಡು ಸಲವೂ ಹಿಂದಕ್ಕೆ ತೆಗೆದ, ಕೊನೆಗೆ ಅಮ್ಮ ಬಂದು ಪ್ಲೇಯರ್ ಕಿತ್ತುಕೊಂಡು ತಾನೇ ಕತ್ತರಿಸಿದಳು. ಸೀಟಿಗೆ ಬೆರಳು ತಾಕಿಸಿದೆ. ಗಾಡಿ ಅತ್ತ ವಾಲಿತು, ಇತ್ತ ವಾಲಿತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಅಮ್ಮ ನಗುತ್ತಿದ್ದಳು. ಇಷ್ಟು ದಿನ ಎದೆಯ ಮೇಲೆ ಇಟ್ಟಿದ್ದ ರುಬ್ಬುಗಲ್ಲನ್ನು ಯಾರೋ ಎತ್ತಿದ ಹಾಗಾಯಿತು.

ನಿನ್ನೆ ಅದೇ ತಿರುವಿಗೆ ಹೋದೆ. ಹೌದು, ನಾನೇ ಓಡಿಸಿಕೊಂಡು. ಅಮ್ಮ ಬೇಡ ಬೇಡ ಅಂದಳು, ಹೆದರಿಕೆ ನನಗೂ ಇತ್ತು. ಅಪ್ಪ ಬಂದು ಹಿಂದಿನ ಸೀಟಿನಲ್ಲಿ ಕೂತ. "ನಡೀ, ಬಿದ್ರ ಇಬ್ರೂ ಬೀಳಾಮು" ಅಂದ. ತಿರುವು ಬಂತು, ಮೈ ವಾಲಿಸಿದೆ, ಗಾಡಿ ನನ್ನ ಜೊತೆ ವಾಲಿತು, ಅಪ್ಪನೂ ವಾಲಿದ, ವಾಲಿ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡು "ಶಿವಾ ಶಿವಾ" ಅಂದ. ತಿರುವು ದಾಟಿದೆವು! ತಗ್ಗಿನಲ್ಲೂ ಇಳಿಸಿ ನೋಡಿದೆ, ಒಂದು ಚಕ್ರ ಇಳಿಯಿತು, ಒಂದು ಏರಿತು, ನಡುವಿನದು ನೆಲ ಬಿಡಲಿಲ್ಲ. ಹಾಗೆಯೇ ಹೋಗಿ ಜೀನ್ಸ್ ಕಟ್ಟು ತಂದೆ. ಎರಡು ತಿಂಗಳ ಮೇಲೆ ಮನೆಯಲ್ಲಿ ಮತ್ತೆ ಹೊಲಿಗೆ ಮಿಷನ್ನಿನ ಸದ್ದು.

ಈಗ ಬೈಗುಳ. ನಿನ್ನ ಬೀಗದ ಲಿವರು ಬಹಳ ದೂರ ಇದೆ ಕಣೋ. ಮುರಿದು ಕೂಡಿದ ಎಡಗೈ ಅಲ್ಲಿಗೆ ಎಟಕುವುದಿಲ್ಲ. ನಿನ್ನೆ ಪ್ರತಿ ಸಲ ನಿಲ್ಲಿಸಿದಾಗಲೂ ಅಪ್ಪ ಇಳಿದು ಎಳೆಯಬೇಕಾಯಿತು. ಅದನ್ನು ಹ್ಯಾಂಡಲಿನ ಹತ್ತಿರ ತರಬೇಕು. ಇಲ್ಲಿಯ ಮೆಕ್ಯಾನಿಕ್ ಒಬ್ಬ ಬಗ್ಗಿ ನೋಡಿ, ತಲೆ ಕೆರೆದುಕೊಂಡು, ಯಾರು ಮಾಡಿದರೋ ಅವರನ್ನೇ ಕರೆಸಿರಿ ಎಂದು ಹೋದ. ಅಮ್ಮ ನನ್ನ ಕೈ ಕೂಡಿದರೆ ನೇಮಕಲ್ಲು ಆಂಜನೇಯನಿಗೆ ಕಾಯಿ ಒಡೆಸುತ್ತೇನೆಂದು ಹರಸಿಕೊಂಡಿದ್ದಳು. ಬಸ್ಸಿಗೆ ಬರುವುದಿಲ್ಲವಂತೆ, ನಿನ್ನ ಗಾಡಿಯ ಹಿಂದೆ ಕೂತೇ ಹೋಗಬೇಕಂತೆ. ಪಾಲಯ್ಯನವರಿಗೆ ನನ್ನ ನಮಸ್ಕಾರ ಹೇಳು. ನಿನಗೆ ಅವರು ಅನ್ನ ಹಾಕಿದ್ದನ್ನು ನಾವು ಮರೆಯುವುದಿಲ್ಲ ಎಂದೂ ಹೇಳು.

ನೂರು ವರ್ಷ ಚೆನ್ನಾಗಿ ಬಾಳು, ಕೈಗೆ ಮಸಿ ಅಂಟಿಸಿಕೊಂಡೇ ಬಾಳು.

ನಿನ್ನ ದಾರಿ ನೋಡುತ್ತಿರುವ ಅಕ್ಕ,
ಭುವನಾ

ತಾ.ಕ.: ನಾಳೆ ಪೋಸ್ಟಿಗೆ ಹಾಕೋಣವೆಂದು ಕವರಿಗೆ ಅಂಟು ಹಚ್ಚುತ್ತಿದ್ದೆ, ಅಪ್ಪ ಬಂದು ಕೈ ಚಾಚಿದ. "ಅದನ್ನ ನನಗ ಕೊಡು, ನಾನ ಕೊಟ್ಟು ಬರ್ತೀನಿ" ಅಂದ. ಬಸ್ಸಿನ ವಾಸನೆಗೇ ವಾಂತಿ ಮಾಡಿಕೊಂಡು ನೆಂಟರ ಮದುವೆ ಮುಂಜಿಗಳಿಗೂ ಹೋಗದ ಮನುಷ್ಯ, ಬೆಳಿಗ್ಗೆ ಮೊದಲ ಬಸ್ಸಿಗೆ ಕಲ್ಯಾಣದುರ್ಗದ ಮೇಲೆ ಮಡಕಶಿರಾಕ್ಕೆ ಹೊರಡುತ್ತಾನೆ. ಅಮ್ಮ ನಿಂಬೆಹಣ್ಣು ಕಟ್ಟಿಕೊಡುತ್ತಿದ್ದಾಳೆ. ಅಂದರೆ ಇದನ್ನು ನೀನು ಓದುತ್ತಿರುವಾಗ ಅಪ್ಪ ನಿನ್ನ ಎದುರಿಗೇ ನಿಂತಿರುತ್ತಾನೆ. ಅವನಿಗೆ ತಪ್ಪಾಯಿತು ಅನ್ನಲು ಬರುವುದಿಲ್ಲ, ಹೇಳಿಸಬೇಡ. ಇಷ್ಟು ದೂರ ಬಂದಿದ್ದಾನಲ್ಲ, ಅದೇ ಆ ಮಾತು ಎಂದು ತಿಳಿದುಕೋ. ತಲೆ ಎತ್ತು ವಾಗೀಶ. ಮೊದಲು ಅವನನ್ನು ಕೂಡಿಸು.